ಮೌನಂ ಸಮ್ಮತಿ ಲಕ್ಷಣಂ

ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ತಲೆ ತಗ್ಗಿಸಿ ಕೂತರೆ ಹಿರಿಯರು ‘ಮೌನಂ ಸಮ್ಮತಿ ಲಕ್ಷಣಂ’ ಎಂದುಬಿಡುತ್ತಿದ್ದರು. ಯುರೋಪಿನ ಆಶ್ರಯ ಕಾನೂನಿನಲ್ಲೂ ಅದೇ ನಿಯಮವಿದೆ ಎಂದರೆ ನೀವು ನಗಬಹುದು. ಆ ಮೌನದ ದೆಸೆಯಿಂದ ಒಬ್ಬ ಮನುಷ್ಯ ಅಥೆನ್ಸಿನ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಮಲಗಿದ.

ಕಾಬೂಲಿನಿಂದ ಹೊರಟ ಈ ದುಭಾಷಿಯ ಹೆಸರು ನ್ಯಾಯಾಲಯದ ಕಡತದಲ್ಲಿ ‘ಎಂ.ಎಸ್.ಎಸ್.’ ಎಂದಷ್ಟೇ ಇದೆ. 2008ರ ಡಿಸೆಂಬರಿನಲ್ಲಿ ಗ್ರೀಸ್ ಆತನ ಬೆರಳಚ್ಚು ತೆಗೆದುಕೊಂಡಿತು. ಆಶ್ರಯ ಬೇಡಿದ್ದು ಮಾತ್ರ 2009ರ ಫೆಬ್ರುವರಿಯಲ್ಲಿ, ಬೆಲ್ಜಿಯಂನಲ್ಲಿ. ಪ್ರಾಣಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವಲ್ಲಿಗೆ ನಿರಾಶ್ರಿತನನ್ನು ಅಟ್ಟಬಾರದು ಎನ್ನುತ್ತದೆ 1951ರ ನಿರಾಶ್ರಿತರ ಒಪ್ಪಂದದ 33ನೇ ವಿಧಿ. ಅವನ ಅರ್ಜಿಯನ್ನು ಯಾವ ದೇಶ ಕೇಳಬೇಕು ಎಂದು ಅದು ಹೇಳುವುದಿಲ್ಲ. ಆ ತೆರವನ್ನು ಯುರೋಪಿನಲ್ಲಿ ತುಂಬಿದ್ದು ಡಬ್ಲಿನ್ ನಿಯಮ: ಸಾಮಾನ್ಯವಾಗಿ, ಒಕ್ಕೂಟದೊಳಗೆ ಮೊದಲು ಕಾಲಿಟ್ಟ ದೇಶವೇ ಹೊಣೆ. ನಮ್ಮ ತಾಲ್ಲೂಕು ಕಚೇರಿಯ ಭಾಷೆಯಲ್ಲಿ, ‘ಇದು ನಮ್ಮ ಟೇಬಲ್ ಅಲ್ಲ.’

ಬೆಲ್ಜಿಯಂ ಗ್ರೀಸಿಗೆ ಬರೆಯಿತು. ಎರಡು ತಿಂಗಳಾದರೂ ಉತ್ತರವಿಲ್ಲ. ನಿಯಮದ ಪ್ರಕಾರ ಅದು ಒಪ್ಪಿಗೆ. ಗ್ರೀಸಿಗೆ ಜನರನ್ನು ಕಳಿಸುವುದನ್ನು ನಿಲ್ಲಿಸಿ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಏಪ್ರಿಲ್‌ನಲ್ಲೇ ಬೆಲ್ಜಿಯಂ ಸಚಿವರಿಗೆ ಪತ್ರ ಬರೆದಿತ್ತು. ಆದರೂ ಜೂನ್ 15ರಂದು ವಿಮಾನ ಹತ್ತಿಸಿದರು. ಆತನ ಹೇಳಿಕೆಯಂತೆ, ಇಳಿದ ಕೂಡಲೇ ಇಪ್ಪತ್ತು ಜನರ ಜೊತೆ ಸಣ್ಣ ಕೋಣೆಯಲ್ಲಿ ಬಂಧನ, ಶೌಚಕ್ಕೂ ಕಾವಲಿನವರ ಅಪ್ಪಣೆ. ಬಿಡುವಾಗ, ಎರಡು ದಿನದಲ್ಲಿ ವಿಳಾಸ ತಿಳಿಸು ಎಂದರು. ಪಾರ್ಕಿಗೆ ಯಾವ ವಿಳಾಸ?

ಗ್ರೀಸ್ ಕೂಡ ಒಪ್ಪಂದಗಳಿಗೆ ಸಹಿ ಹಾಕಿದ ದೇಶವಲ್ಲವೇ ಎಂಬುದು ನ್ಯಾಯಾಲಯದಲ್ಲಿ ಬೆಲ್ಜಿಯಂ ಮಂಡಿಸಿದ ವಾದದ ತಿರುಳು. ಸಹಿಯ ವಿಚಾರ ಬಂತೆಂದು ಹೇಳುತ್ತೇನೆ: 1951ರ ಒಪ್ಪಂದಕ್ಕೆ ಭಾರತ ಇಂದಿಗೂ ಸಹಿ ಹಾಕಿಲ್ಲ, ಆದರೂ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ನೆಲ ಸಿಕ್ಕಿತು. ಕೊಟ್ಟದ್ದು ಸರ್ಕಾರದ ಮನಸ್ಸು, ಕಾಯಿದೆಯಲ್ಲ. ಮನಸ್ಸು ಎಲ್ಲರ ಮೇಲೂ ಒಂದೇ ಸಮ ಇರುವುದಿಲ್ಲ, ಆ ಮಾತು ಬೇರೆ.

ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ 2011ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಹೊಣೆಯಿಲ್ಲದ ದೇಶವೂ ಇಷ್ಟಪಟ್ಟರೆ ಅರ್ಜಿ ಕೇಳಬಹುದು ಎಂಬ ಸಾಲು ಡಬ್ಲಿನ್ ನಿಯಮದೊಳಗೇ ಇತ್ತು. ಹಾಗಾಗಿ, ಕಳಿಸಿದ್ದು ಬೆಲ್ಜಿಯಂನದೇ ತೀರ್ಮಾನ, ಕಾನೂನು ಕೈ ಕಟ್ಟಿತ್ತು ಎನ್ನುವಂತಿಲ್ಲ. ಅಮಾನುಷ ನಡವಳಿಕೆಯನ್ನು ನಿಷೇಧಿಸುವ ಯುರೋಪಿನ ಒಡಂಬಡಿಕೆಯ 3ನೇ ವಿಧಿಯನ್ನು ಎರಡೂ ದೇಶ ಮುರಿದಿದ್ದವು. ಬೆಲ್ಜಿಯಂ 24,900 ಯೂರೋ ಪರಿಹಾರ ತೆರಬೇಕಾಯಿತು.

2013ರಲ್ಲಿ ಡಬ್ಲಿನ್ ನಿಯಮವನ್ನು ಹೊಸದಾಗಿ ಬರೆದಾಗ, ಆಶ್ರಯ ವ್ಯವಸ್ಥೆಯೇ ಕೆಟ್ಟಿರುವ ದೇಶಕ್ಕೆ ಕಳಿಸಕೂಡದು ಎಂಬ ಮಾತು ಸೇರಿತು. ಉತ್ತರ ಬರದಿದ್ದರೆ ಒಪ್ಪಿಗೆ ಎಂಬ ನಿಯಮ ಅಲ್ಲೇ ಉಳಿಯಿತು.