ಟಿಕೆಟ್ ಕೊಡಿ, ನಮ್ಮ ಜಾತಕ ಯಾಕೆ?



ಗೆಳೆಯರೇ, ಅಕ್ಕಂದಿರೇ, ಅಮ್ಮಂದಿರೇ, 1901ರ ಒಂದು ಪ್ರಯಾಣದಿಂದ ಮಾತು ಶುರು ಮಾಡ್ತೀನಿ. ಬಾಬಾಸಾಹೇಬರು ಆಗ ಚಿಕ್ಕ ಹುಡುಗ. ಕೋರೆಗಾಂವ್‌ನಲ್ಲಿದ್ದ ತಂದೆಯನ್ನು ನೋಡೋಕೆ ಮನೆಯ ಮಕ್ಕಳ ಜೊತೆ ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಒಳ್ಳೆ ಬಟ್ಟೆ ಹಾಕಿದ್ದ ಮಕ್ಕಳನ್ನು ಸ್ಟೇಷನ್ ಮಾಸ್ತರ್ ಚೆನ್ನಾಗೇ ಮಾತಾಡಿಸಿದ. ನೀವು ಯಾರು ಅಂತ ಕೇಳಿದ. ಮಹಾರರು ಅಂದ ಕೂಡಲೇ ಅವನ ಮುಖ ಬದಲಾಯಿತು. ಗಾಡಿಯವರು ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನೂ ಮಕ್ಕಳೇ ಹೊಡೆಯಬೇಕಾಯಿತು.

ಪ್ರಯಾಣಕ್ಕೆ ಬೇಕಿಲ್ಲದ ಒಂದು ಪ್ರಶ್ನೆ ಏನು ಮಾಡುತ್ತದೆ ನೋಡಿ. ಈಗ ಆ ಪ್ರಶ್ನೆಯನ್ನು ಕಾರ್ಡು, ಆ್ಯಪು, ಕ್ಯಾಮೆರಾ ಬಾಯಿಲ್ಲದೆ ಕೇಳ್ತವೆ.

2025ರ ಆಗಸ್ಟ್ 15ರಿಂದ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ರಾಯದುರ್ಗದ ಅಮ್ಮ ಆಧಾರ್ ತೋರಿಸಿ ಅನಂತಪುರಕ್ಕೆ ಸೊನ್ನೆ ಟಿಕೆಟ್ಟಿನಲ್ಲಿ ಹೋಗಿ ಬರ್ತಾಳೆ. ಒಂದು ದಿನದ ಕೂಲಿಯಲ್ಲಿ ಅಷ್ಟು ಉಳಿಯುತ್ತದೆ, ಒಳ್ಳೆಯದೇ. ಆದರೆ ಕಾರ್ಡು ತೋರಿಸೋದು ಬೇರೆ, ಅದನ್ನು ಬರೆದಿಟ್ಟುಕೊಳ್ಳೋದು ಬೇರೆ.

ಮಡಕಶಿರಾದ ನಮ್ಮವರು ಕೆಲಸಕ್ಕೆ ಹೋಗುವ ತುಮಕೂರು 2016ರಲ್ಲಿ, ಬೆಂಗಳೂರು 2017ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದವು. ಬೆಂಗಳೂರು ಮೆಟ್ರೋದಲ್ಲಿ ಕಾರ್ಡು ತಾಗಿಸಿದರೆ ಎಲ್ಲಿ ಹತ್ತಿದಿರಿ, ಎಲ್ಲಿ ಇಳಿದಿರಿ ಅನ್ನೋದು ಯಂತ್ರಕ್ಕೆ ಗೊತ್ತಾಗುತ್ತದೆ. ದರ ಲೆಕ್ಕ ಹಾಕಲು ಅದು ಬೇಕು. ಅದೇ ಕಾರ್ಡಿಗೆ ಹೆಸರು, ಫೋನು, ವಿಳಾಸ ಜೋಡಿಸಿದರೆ? ಆಸ್ಪತ್ರೆಗೆ ಹೋದದ್ದು, ಸಂಘದ ಸಭೆಗೆ ಹೋದದ್ದು ಎಲ್ಲಾ ಸಾಲಾಗಿ ಉಳಿಯಬಹುದು. ಇನ್ನು ನಮ್ಮ ಕಾಲೋನಿ ವಿಳಾಸ ಓದಿದವರು ಜಾತಿ ಕೇಳೋದೇ ಬೇಡ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಅದು ಬಂಗಲೆಯವರಿಗೆ ಮಾತ್ರ ಕೊಟ್ಟ ಹಕ್ಕಲ್ಲ.

ಹಕ್ಕು ಮನೆ ಬಾಗಿಲಿಗೆ ಬರೋದಿಲ್ಲ, ಕೇಳಬೇಕು. ಬೆಂಗಳೂರಿನಲ್ಲಿ ಪ್ರಯಾಣಿಕರೇ ಬಸ್ ಪ್ರಯಾಣಿಕರ ವೇದಿಕೆ ಕಟ್ಟಿಕೊಂಡು ಬಸ್ ದರದ ಬಗ್ಗೆ ದನಿ ಎತ್ತಿದರು. ನಮ್ಮ ಸಂಘವೂ ಈ ವರ್ಷ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ ಹಾಕಲಿ: ಪ್ರಯಾಣಿಕರ ಯಾವ ಮಾಹಿತಿ ತಗೋತೀರಿ? ಎಷ್ಟು ದಿನ ಇಡ್ತೀರಿ? ಯಾರಿಗೆ ಕೊಡ್ತೀರಿ? ಜೊತೆಗೆ ಇನ್ನೊಂದು ಮನವಿಯನ್ನೂ ಕೊಡೋಣ: ಫೋನಿಲ್ಲದ ಅಜ್ಜಿಗೆ ಕೈಯಲ್ಲಿ ಕಾಸು ಕೊಟ್ಟು ಟಿಕೆಟ್ ತಗೊಳ್ಳೋ ದಾರಿ ಎಂದೂ ಮುಚ್ಚಬಾರದು.

ಅರ್ಜಿ ನಾನು ಬರೀತೀನಿ. ಸಹಿ ಹಾಕೋಕೆ ನೀವೆಲ್ಲ ಬನ್ನಿ.

ಜೈಭೀಮ್.