ರಾಜ್ಯಾಂಗ ಗಣಿಯೊಳಕ್ಕೆ ಇಳಿಯಬೇಕು

(ಬಂಗಾರಪೇಟೆಯಲ್ಲಿ ಕಾರ್ಮಿಕರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಒಂದು ಆಳ್ವಿಕೆ ಹೋಗಿ ಇನ್ನೊಂದು ಬರುವ ಕಾಲದಲ್ಲಿ ದೇಶಗಳು ಹೊಸ ರಾಜ್ಯಾಂಗ ಬರೆದುಕೊಳ್ಳುತ್ತವೆ. ಲಾಠಿ, ಗುಂಡು, ಸೆರೆಮನೆಗಳನ್ನು ಕಂಡ ಜನ ಆ ಗ್ರಂಥದ ಮೇಲೆ ಅಪಾರ ಆಸೆಯಿಡುತ್ತಾರೆ. ಆ ಆಸೆ ತಪ್ಪಲ್ಲ. ಆದರೆ ರಾಜ್ಯಾಂಗ ಬಂದೊಡನೆ ಹಕ್ಕು ತಾನಾಗಿಯೇ ಬಡವನ ಬಾಗಿಲಿಗೆ ಬರುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಇಲ್ಲಿಂದ ಮಾರಿಕುಪ್ಪಂ ರೈಲು ಹತ್ತಿದರೆ ಸಾಕು.

ಕೋಲಾರದ ಚಿನ್ನದ ಗಣಿಗಳನ್ನು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಸಂಸ್ಥೆ ನಡೆಸುತ್ತಿದ್ದ ಕಾಲವನ್ನು ನೆನೆಯಿರಿ. ನೆಲ ಮಹಾರಾಜರದು, ಲಾಭ ಕಂಪೆನಿಯದು, ಬೆವರು ಮಾತ್ರ ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಬಂದ ಬಡವರದು. ಅವರಲ್ಲಿ ಬಹುಮಂದಿ ಸಮಾಜವು ಅಸ್ಪೃಶ್ಯರೆಂದು ದೂರವಿಟ್ಟಿದ್ದವರು. 1930ರಲ್ಲಿ ಅವರೆಲ್ಲ ಬೆರಳಚ್ಚು ಒತ್ತಿ ಹೆಸರು ನೋಂದಾಯಿಸಬೇಕೆಂಬ ಏರ್ಪಾಟು ಬಂದಿತು. ಕಳ್ಳರಿಂದ ಪಡೆಯುವ ಬೆರಳಚ್ಚನ್ನು ದುಡಿಯುವವರಿಂದ ಪಡೆಯುವುದೇ? ಸಾವಿರಾರು ಜನ ಸುಮಾರು ಮೂರು ವಾರ ಗಣಿಗೆ ಇಳಿಯಲಿಲ್ಲ. ಅಂದು ಅವರ ಬೆನ್ನಿಗೆ ಬಲವಾದ ಸಂಘವಿರಲಿಲ್ಲ. ಅವರನ್ನು ಕಾಯುವ ಮೂಲಭೂತ ಹಕ್ಕುಗಳೂ ಇರಲಿಲ್ಲ. ಇದ್ದುದು ಮಾನವೊಂದೇ.

1946ರ ನವೆಂಬರ್ 4ರಂದು ಅದೇ ಗಣಿಪ್ರದೇಶದಲ್ಲಿ ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಅದೇ ವರ್ಷದ ಆಗಸ್ಟಿನಲ್ಲಿ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿಯೂ ಆಫ್ರಿಕನ್ ಕಾರ್ಮಿಕರು ದಿನಕ್ಕೆ ಹತ್ತು ಷಿಲಿಂಗ್ ಕೂಲಿ ಕೇಳಿ ಮುಷ್ಕರ ಹೂಡಿದ್ದರು. ಅವರಿಗೂ ಗುಂಡೇ ಉತ್ತರವಾಯಿತು. ಎರಡು ದೇಶ, ಒಂದೇ ಲೋಹ, ಒಂದೇ ನ್ಯಾಯ!

ಮರುವರ್ಷ ಕಾಲ ತಿರುಗಿತು. ಸ್ವಾತಂತ್ರ್ಯ ಬಂದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬರಲಿಲ್ಲವೆಂದು 1947ರ ಸೆಪ್ಟೆಂಬರಿನಲ್ಲಿ ಜನ ‘ಮೈಸೂರು ಚಲೋ’ ಚಳವಳಿ ನಡೆಸಿದರು. ಅಕ್ಟೋಬರಿನಲ್ಲಿ ಅರಮನೆ ಒಪ್ಪಿತು. ಮೊದಲ ಮುಖ್ಯಮಂತ್ರಿಯಾದವರು ನಮ್ಮ ಪಕ್ಕದ ಕ್ಯಾಸಂಬಳ್ಳಿಯ ಕೆ. ಸಿ. ರೆಡ್ಡಿಯವರು. 1949ರ ನವೆಂಬರ್ 25ರಂದು ಮಹಾರಾಜರು, ಭಾರತದ ರಾಜ್ಯಾಂಗವೇ ಮೈಸೂರಿಗೂ ರಾಜ್ಯಾಂಗವೆಂದು ಘೋಷಿಸಿದರು. 1950ರ ಜನವರಿ 26ರಿಂದ ಗಣಿಯ ಕೂಲಿಗಾರನೂ ಕಂಪೆನಿಯ ದೊರೆಯೂ ಕಾಯಿದೆಯ ಮುಂದೆ ಸಮಾನರಾದರು. 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 19ನೆಯದು ಸಂಘ ಕಟ್ಟುವ ಹಕ್ಕು ಕೊಟ್ಟಿತು. 23ನೆಯದು ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. 32ನೆಯದು ಹಕ್ಕು ಮುರಿದಾಗ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುವ ದಾರಿ ತೆರೆಯಿತು. 1956ರಲ್ಲಿ ಗಣಿಗಳೂ ಮೈಸೂರು ಸರ್ಕಾರದ ಕೈಗೆ ಬಂದವು.

ಇಷ್ಟಾದ ಮೇಲೆ ಇನ್ನೇನು ಬೇಕು ಎನ್ನುವಿರಾ? ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆ ನಿಮಗೆ ಗೊತ್ತಿದೆ. ಚಿನ್ನ ರಾಷ್ಟ್ರದ ಸೊತ್ತಾಯಿತು. ಆದರೆ ಗಣಿಯೂರಿನ ಒಣ ಕಕ್ಕಸುಗಳನ್ನು ಬಳಿದು ಮಲ ಹೊರುವ ಕೆಲಸ ಹಿಂದಿನಂತೆಯೇ ಅದೇ ಜಾತಿಯವರ ತಲೆಯ ಮೇಲೆ ಉಳಿಯಿತು. 17ನೆಯ ವಿಧಿ ಇದ್ದೇ ಇತ್ತು. ಅದನ್ನು ಬಕೆಟ್ಟು ಹಿಡಿದ ಕೈಯವರೆಗೆ ತಲಪಿಸುವವರು ಇರಲಿಲ್ಲ. ಅಂಥ ಕುಟುಂಬವೊಂದರಲ್ಲಿ ಕೆ.ಜಿ.ಎಫ್.ನಲ್ಲಿಯೇ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಈ ಅನ್ಯಾಯದ ವಿರುದ್ಧ ಎದ್ದು ನಿಂತರು. ಮಲ ಹೊರಿಸುವುದನ್ನು ನಿಷೇಧಿಸುವ ಕಾಯಿದೆ ಆದದ್ದು 1993ರಲ್ಲಿ, ಅಂದರೆ ರಾಜ್ಯಾಂಗ ಬಂದು 43 ವರ್ಷಗಳ ತರುವಾಯ. ಅದೂ ಕಡತದಲ್ಲಿ ಮಲಗಿತು. 2003ರಲ್ಲಿ ವಿಲ್ಸನ್ ಮತ್ತವರ ಸಂಗಡಿಗರ ಸಫಾಯಿ ಕರ್ಮಚಾರಿ ಆಂದೋಲನ ಸುಪ್ರೀಂ ಕೋರ್ಟಿನ ಕದ ತಟ್ಟಿತು. 2014ರ ಮಾರ್ಚ್ 27ರಂದು ತೀರ್ಪು ಬಂದಿತು: 1993ರಿಂದೀಚೆಗೆ ಚರಂಡಿಗಿಳಿದು ಸತ್ತ ಪ್ರತಿಯೊಬ್ಬನ ಕುಟುಂಬಕ್ಕೂ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು. 2023ರಲ್ಲಿ ಅದೇ ನ್ಯಾಯಾಲಯ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರುತ್ತಿದೆ ಎಂದರೆ ಸಾವು ನಿಂತಿಲ್ಲವೆಂದೇ ಅರ್ಥ.

ದಕ್ಷಿಣ ಆಫ್ರಿಕದ ಕಥೆಯನ್ನು ಮುಗಿಸಿಬಿಡುತ್ತೇನೆ. ವರ್ಣಭೇದದ ಆಳ್ವಿಕೆ ಉರುಳಿ 1994ರಲ್ಲಿ ಎಲ್ಲರಿಗೂ ಮತದಾನ ಬಂದಿತು. 1996ರ ಅವರ ರಾಜ್ಯಾಂಗದಲ್ಲಿ ವಸತಿ, ನೀರು, ಆರೋಗ್ಯಗಳೂ ಕೋರ್ಟಿನಲ್ಲಿ ಕೇಳಬಹುದಾದ ಹಕ್ಕುಗಳಾದವು. ಈ ವಿಷಯದಲ್ಲಿ ಅವರು ನಮಗಿಂತ ಮುಂದೆ. ನಮ್ಮ 43ನೆಯ ವಿಧಿ ಬಾಳಲು ತಕ್ಕ ಕೂಲಿಯ ಮಾತಾಡುತ್ತದೆ. ಆದರೆ ಅದು ನಿರ್ದೇಶಕ ತತ್ವವಾದ್ದರಿಂದ ಅದರ ಬಲದ ಮೇಲೆಯೇ ದಾವೆ ಹೂಡುವಂತಿಲ್ಲ. ಆದರೂ 2012ರ ಆಗಸ್ಟ್ 16ರಂದು, ಅಂಥ ಶ್ರೇಷ್ಠ ರಾಜ್ಯಾಂಗದ ಕೆಳಗೆ, ಮರಿಕಾನ ಎಂಬಲ್ಲಿ ಕೂಲಿ ಹೆಚ್ಚಳ ಕೇಳಿದ ಪ್ಲಾಟಿನಂ ಗಣಿಯ 34 ಕಾರ್ಮಿಕರನ್ನು ಪೊಲೀಸರು ಗುಂಡಿಕ್ಕಿ ಕೊಂದರು. ಕಾಗದ ಎಷ್ಟೇ ಒಳ್ಳೆಯದಾಗಿರಲಿ, ಅದು ಗುಂಡಿಗೆ ಗುರಾಣಿಯಾಗದು.

ಹಾಗಾದರೆ ರಾಜ್ಯಾಂಗ ವ್ಯರ್ಥವೇ? ಖಂಡಿತ ಅಲ್ಲ. 1930ರ ಕಾರ್ಮಿಕನಿಗೆ ಮಾನವಿತ್ತು, ಕಾಯಿದೆಯಿರಲಿಲ್ಲ. ನಮಗೆ ಎರಡೂ ಇವೆ. ನಮಗೆ ಕಡಮೆಯಾಗುತ್ತಿರುವುದು ಒಗ್ಗಟ್ಟು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನ ಕಾರ್ಮಿಕರ ಮಕ್ಕಳು ಇಂದು ನಸುಕಿನಲ್ಲೇ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಾರೆ. ಅವರಲ್ಲಿ ಅನೇಕರು ಗುತ್ತಿಗೆಯ ಆಳುಗಳು. ಕೈಯಲ್ಲಿ ನೇಮಕದ ಪತ್ರವಿಲ್ಲ, ಹಿಂದೆ ಸಂಘವಿಲ್ಲ. ಗುತ್ತಿಗೆದಾರ ಬೇಡವೆಂದ ದಿನವೇ ಕೆಲಸ ಹೋಯಿತು.

ವರ್ತಕ ಮಿತ್ರರೇ, ಇದು ಕೂಲಿಗಾರರ ಗೋಳು, ನಮಗೇನು ಎನ್ನಬೇಡಿ. ಗಣಿ ಮುಚ್ಚಿದ ಮೇಲೆ ನಿಮ್ಮ ಸಾಲದ ಪುಸ್ತಕ ಎಷ್ಟು ದಪ್ಪವಾಯಿತೆಂಬುದನ್ನು ನೀವೇ ಬಲ್ಲಿರಿ. ದುಡಿಯುವವನ ಜೇಬು ಬರಿದಾದರೆ ನಿಮ್ಮ ತಕ್ಕಡಿ ಏಳುವುದಿಲ್ಲ.

ಆದುದರಿಂದ ಇಂದು ಮನೆಗೆ ಹೋಗುವ ಮುನ್ನ ಒಂದು ನಿರ್ಧಾರ ಮಾಡೋಣ. ಮಾಲೀಕನಿಂದ ನೇಮಕದ ಪತ್ರ, ಕೂಲಿ ಚೀಟಿ ಕೇಳಿ ಪಡೆಯಿರಿ. ಒಂಟಿಯಾಗಿ ಕೇಳಬೇಡಿ, ಹತ್ತು ಜನ ಸೇರಿ ಕೇಳಿ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಕೈಗಾರಿಕಾ ಕಾರ್ಮಿಕರಿಗೂ ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಉಚಿತ ನೆರವು ಉಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡುವ ಕೆಲಸವನ್ನು ನಮ್ಮ ಓದಿದ ಹುಡುಗರು ವಹಿಸಿಕೊಳ್ಳಲಿ. ಅವರು ಕೂರಲು ಅಂಗಡಿಯ ಜಗಲಿಯನ್ನು ವರ್ತಕರು ಬಿಟ್ಟುಕೊಡಲಿ.

ದೆಹಲಿಯಲ್ಲಿ ಬರೆದ ರಾಜ್ಯಾಂಗ ತಾನಾಗಿ ಗಣಿಯೊಳಕ್ಕೆ ಇಳಿಯಲಿಲ್ಲ. ಅದನ್ನು ಕೈಹಿಡಿದು ಇಳಿಸಿದವರು ಇದೇ ಊರಿನವರು. ಆ ಕೆಲಸ ಇನ್ನೂ ಅರ್ಧ ಉಳಿದಿದೆ. ಅದನ್ನು ಮುಗಿಸುವವರು ನಾವಾಗೋಣ.