ಬಾನಿನ ಗುಡುಗು, ನೆಲದ ಜನ

2020ನೆಯ ಇಸವಿ ಮೇ 20ರ ಮಧ್ಯಾಹ್ನ ಹಲವು ಬಡಾವಣೆಗಳಲ್ಲಿ ಕಿಟಕಿಗಳು ಒಮ್ಮೆಲೇ ಅದುರಿದುದನ್ನು ಬೆಂಗಳೂರಿನ ವಾಚಕರು ಮರೆತಿರಲಾರರು. ಭೂಕಂಪವೆಂದು ಅಂಜಿದವರುಂಟು, ಭೂಕಂಪಮಾಪಕಗಳಲ್ಲಿ ಮಾತ್ರ ಏನೂ ದಾಖಲಾಗಿರಲಿಲ್ಲ. ಅದು ವಾಯುಪಡೆಯ ಪರೀಕ್ಷಾ ಹಾರಾಟದ ಸದ್ದೆಂದೂ, ವಿಮಾನವು ನಗರದ ಎಲ್ಲೆಯಿಂದ ಬಹಳ ಆಚೆ, 36,000ದಿಂದ 40,000 ಅಡಿಗಳ ಎತ್ತರದಲ್ಲಿ ಇತ್ತೆಂದೂ ಆಮೇಲೆ ತಿಳಿದುಬಂತು.

ಅಷ್ಟು ಮೇಲಿನ ವಿಮಾನ ನಮ್ಮ ಕಿಟಕಿಯನ್ನು ಅಲುಗಿಸುವುದೆಂತು? ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ದಾರಿ ಬಿಡಲು ಎದುರಿನ ಗಾಳಿಗೆ ವ್ಯವಧಾನವಿಲ್ಲ. ಒತ್ತಿದ ಗಾಳಿ ಅಲೆಯಾಗಿ, ದೋಣಿಯ ಹಿಂದೆ ನೀರು ಇಬ್ಬದಿಗೂ ಹರಡುವಂತೆ, ನೆಲಕ್ಕಿಳಿಯುತ್ತದೆ. ಶಬ್ದದ ವೇಗವನ್ನು ದಾಟುವ ಕ್ಷಣದಲ್ಲಿ ಮಾತ್ರ ಈ ಗುಡುಗೆಂಬುದು ತಪ್ಪು ತಿಳಿವಳಿಕೆ. ವಿಮಾನ ಆ ವೇಗದಲ್ಲಿ ಇರುವವರೆಗೂ ಕೆಳಗಿನ ಊರೂರಿಗೂ ಸರದಿಯಾಗಿ ಅದು ಮುಟ್ಟುತ್ತದೆ.

ಇದನ್ನು ಜನ ಸಹಿಸಬಲ್ಲರೆ? ಇದನ್ನರಿಯಲು ಅಮೆರಿಕದವರು ಓಕ್ಲಹೋಮ ನಗರವನ್ನೇ ಪ್ರಯೋಗಶಾಲೆ ಮಾಡಿಕೊಂಡರು. 1964ರ ಫೆಬ್ರವರಿಯಿಂದ ಆರು ತಿಂಗಳು, ದಿನಕ್ಕೆ ಎಂಟರವರೆಗೆ, ಒಟ್ಟು 1,253 ಗುಡುಗುಗಳು. ವಿಮಾನದ ಕಸುಬಿನಿಂದಲೇ ಅನ್ನ ಕಾಣುವ ಕುಟುಂಬಗಳು ಅಲ್ಲಿ ಹೇರಳ. ಮುನಿಯಲಾರರೆಂಬ ನೆಚ್ಚಿಕೆ ಇದ್ದಿರಬೇಕು. ಮೊದಲ 14 ವಾರಗಳಲ್ಲೇ ಊರಿನ ಅತಿ ಎತ್ತರದ ಎರಡು ಕಟ್ಟಡಗಳಲ್ಲಿ 147 ಕಿಟಕಿಗಳು ಒಡೆದವು. ಕಟ್ಟಡದ ಕೆಲಸಗಾರರು 11 ಗಂಟೆಯ ಗುಡುಗನ್ನು ಕಾಫಿಯ ಗಂಟೆ ಮಾಡಿಕೊಂಡರಂತೆ!

ಮನೆಮನೆಗೂ ಹೋಗಿ ವಿಚಾರಿಸಿದುದೇ ಇದರಲ್ಲಿ ಮುಖ್ಯ ಸಂಗತಿ. ದಿನವೂ ಎಂಟು ಗುಡುಗಾದರೆ ಬಾಳಬಲ್ಲಿರಾ ಎಂಬ ಪ್ರಶ್ನೆಗೆ ಮೊದಲು ಹೌದೆಂದವರು ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ, ನಡುವೆ 81, ಕೊನೆಗೆ 73. ಕೇಳುತ್ತ ಕೇಳುತ್ತ ಕಿವಿ ಒಗ್ಗುವುದೆಂದು ನಾವು ನಂಬಿದ್ದೇವೆ. ರೈಲುದಾರಿಯ ಪಕ್ಕದ ಮನೆಯವರನ್ನು ಕಂಡರೆ ಹಾಗೆ ತೋರುವುದೂ ನಿಜ. ಇಲ್ಲಿ ಆದದ್ದು ಅದರ ವಿಪರೀತ. ಅಲ್ಲದೆ, ಬೇಸತ್ತವರೆಲ್ಲ ದೂರು ಬರೆಯಲಿಲ್ಲ. ಬರೆದವರು ಬಹಳ ಸ್ವಲ್ಪ. ಬಂದ ಅರ್ಜಿಗಳನ್ನೆಣಿಸಿ ಊರು ಒಪ್ಪಿದೆಯೆನ್ನುವ ಅಧಿಕಾರಿಯೂ, ಕೈಯೆತ್ತದ ಹುಡುಗರಿಗೆಲ್ಲ ಪಾಠ ತಿಳಿಯಿತೆನ್ನುವ ನಮ್ಮಂಥ ಮೇಷ್ಟರೂ ಒಂದೇ ಶಾಲೆಯವರು.

1973ರಲ್ಲಿ ಅಮೆರಿಕವು ನೆಲದ ಮೇಲೆ ಇಂಥ ನಾಗರಿಕ ಹಾರಾಟವನ್ನು ನಿಷೇಧಿಸಿತು. ಕಾಂಕಾರ್ಡ್ ವಿಮಾನ ಬಂದಾಗ ಭಾರತವೂ ತನ್ನ ನೆಲದ ಮೇಲೆ ಆ ವೇಗಕ್ಕೆ ಒಪ್ಪಲಿಲ್ಲ. 2025ರ ಜೂನಿನಲ್ಲಿ ಅಮೆರಿಕದ ಅಧ್ಯಕ್ಷರು ನಿಷೇಧ ತೆಗೆಯಲು ಆಜ್ಞೆ ಹೊರಡಿಸಿದರು. ಗುಡುಗನ್ನು ಮೆಲುದನಿಗೆ ಇಳಿಸಲೆಂದು ರಚಿಸಿದ ಎಕ್ಸ್-59 ವಿಮಾನ ಅದೇ ಅಕ್ಟೋಬರಿನಲ್ಲಿ ಮೊದಲ ಸಲ ಹಾರಿತು. ಅದನ್ನು ಕೆಲವು ಊರುಗಳ ಮೇಲೆ ಹಾರಿಸಿ ಜನರನ್ನು ಕೇಳುವ ಯೋಜನೆಯಿದೆ. ಅವರು ಮೊದಲ ವಾರ ಕೊಡುವ ಉತ್ತರಕ್ಕಿಂತ ಆರನೆಯ ತಿಂಗಳು ಕೊಡುವ ಉತ್ತರವನ್ನು ಕೇಳಬೇಕೆಂದು ನನಗೆ ಆಸೆ.